ಯಾರಿಗಾದರೂ ಅಡ್ಡಿಯಿದ್ದರೆ

ಏಪ್ರಿಲ್ 14, 1998, ಮಂಗಳವಾರ

ಬಾಳ್ಳುಪೇಟೆಯಲ್ಲಿ ಬಸ್ಸಿಳಿದರೆ ದೇವೀರಪ್ಪನವರ ಜೀಪು ನಿಂತಿದೆ, ಪಕ್ಕದಲ್ಲಿ ಅಪ್ಪ. ಎಸ್ಟೇಟ್ ಧಣಿಯ ಜೀಪು ಮೇಸ್ತ್ರಿ ಚೌರಪ್ಪನ ಮಗನನ್ನು ಕರೆದುಕೊಂಡು ಹೋಗಲು ಬಂದಿದೆ! 'ಸಾಹುಕಾರ್ರೇ ಕಳ್ಸಿದ್ರು ಕಣೋ, ಬ್ಯಾಡ ಅನ್ನಕ್ಕಾಯ್ತದಾ' ಎಂದು ಅಪ್ಪ ನೆಲ ನೋಡುತ್ತಾ ಹೇಳಿದ. ದೇವೀರಪ್ಪನವರು ಲಿಂಗಪೂಜೆ ಮಾಡದೆ ನೀರೂ ಕುಡಿಯದವರು. ಆದರೂ 'ನಮ್ಮ ತೋಟದ ಹುಡುಗ ಫಾದರ್ ಆಗ್ತಾನೆ' ಎಂದು ಸಕಲೇಶಪುರದ ತನಕ ಹೇಳಿಕೊಂಡು ಬಂದಿದ್ದಾರಂತೆ.

ಮನೆಯಲ್ಲಿ ಅವ್ವ ಕುರ್ಚಿಗೆ ಹೊಸ ಟವೆಲ್ ಹಾಸಿ 'ಕೂತ್ಕೊಳಿ' ಎಂದಳು. ಯಾರಿಗೆ ಹೇಳಿದಳೆಂದು ನಾನು ಹಿಂದೆ ತಿರುಗಿ ನೋಡಿದೆ. ದೀಕ್ಷೆಯಾಗುವ ಮಗನನ್ನು ಏಕವಚನದಲ್ಲಿ ಕರೆಯಬಾರದೆಂದು ಕಾನ್ವೆಂಟಿನ ಸಿಸ್ಟರ್ ಹೇಳಿಕೊಟ್ಟಿದ್ದಾರಂತೆ. ಅಪ್ಪ ಮಾತ್ರ 'ನನ್ ಕೈಲಾಗಲ್ಲ ಕಣೆ. ನನ್ ಹೆಗಲ ಮೇಲೆ ಚಡ್ಡಿ ಒದ್ದೆ ಮಾಡ್ಕೊಂಡೋನು ಇವ್ನು' ಎಂದ. ಅವ್ವ ಸಿಡುಕಿದಳು. ನನಗೆ ನಗು ಬಂತು.

ನನ್ನ ಮಂಚ ಸೋದರಮಾವನ ಮನೆಗೆ ಹೋಗಿದೆ. ಅಂಗಿ, ಶೂ, ಸೈಕಲ್ಲು ಎಲ್ಲವನ್ನೂ ಅವ್ವ ಹಂಚಿಬಿಟ್ಟಿದ್ದಾಳೆ. 'ನಿಮಗ್ಯಾಕೆ ಇನ್ಮೇಲೆ ಅವೆಲ್ಲ?' ಈ ಮನೆಯಲ್ಲಿ ನನ್ನದೆಂದು ಇನ್ನು ಒಂದು ಮೊಳೆಯೂ ಇಲ್ಲ.

ಮೇ ಏಳರ ಗುರುವಾರ ಬಿಷಪ್ಪರು ಬಂದು ನಮ್ಮ ಚರ್ಚಿನಲ್ಲೇ ನನ್ನನ್ನು ಡೀಕನ್ ಮಾಡುತ್ತಾರೆ, ಫಾದರ್ ಆಗುವುದಕ್ಕೆ ಹಿಂದಿನ ಮೆಟ್ಟಿಲು. ಗುರುದೀಕ್ಷೆ ಮುಂದಿನ ವರ್ಷ. ಆದರೆ ಮದುವೆ ಬೇಡ, ಸಂಸಾರ ಬೇಡ, ಸಾಯುವ ತನಕ ಹೀಗೇ ಎಂದು ಮಾತು ಕೊಡುವುದು ಡೀಕನ್ ಆಗುವ ದಿನ. ಹಿಂದಕ್ಕೆ ಬರಬೇಕೆಂದರೆ ಅದಕ್ಕೆ ಮುಂಚೆಯೇ ಬರಬೇಕು.

ನನಗೆ ಇದು ಬೇಡ. ಬರೆದೇಬಿಟ್ಟೆ. ಫಾದರ್ ಆಗಲೆಂದು ಹತ್ತು ವರ್ಷ ಗುರುಮಠದಲ್ಲಿ ಓದಿದ ಮೇಲೆ ನಾನು ಸ್ವಂತವಾಗಿ ಬರೆದ ಮೊದಲ ವಾಕ್ಯ ಇದೇ ಇರಬೇಕು.

ಏಪ್ರಿಲ್ 16, ಗುರುವಾರ

ಬೆಳಿಗ್ಗೆ ಚರ್ಚಿನಲ್ಲಿ ಬಹಳ ಹೊತ್ತು ಮೊಣಕಾಲೂರಿದೆ. ಮೊಣಕಾಲು ನೋಯಿತು. ಬೇರೆ ಏನೂ ಆಗಲಿಲ್ಲ. ಎರಡು ವರ್ಷದಿಂದ ಇದೇ ಕಥೆ.

ಹದಿನೇಳಕ್ಕೆ ಗುರುಮಠ ಸೇರಿದಾಗ ನಮ್ಮ ಹಿರಿಯ ಗುರುಗಳು 'ಕೈ ತುಂಬ ಹಿಡಿದುಕೊಂಡಿದ್ದರೆ ದೇವರು ಕೊಡುವುದನ್ನು ಯಾವ ಕೈಯಲ್ಲಿ ತೆಗೆದುಕೊಳ್ಳುತ್ತೀಯಪ್ಪಾ?' ಎಂದಿದ್ದರು. ಆ ಮಾತಿಗೆ ಮರುಳಾದೆ. ಮೊದಲು ವಾಲಿಬಾಲ್ ಬಿಟ್ಟೆ. ಸಿನಿಮಾ ಹಾಡು ಬಿಟ್ಟೆ. ರಜೆಯಲ್ಲಿ ಮನೆಗೆ ಓಡುವ ಆಸೆ ಬಿಟ್ಟೆ. ಹಾಡಿನ ಗುಂಪಿನ ಲೀನಾಳನ್ನು ಬಿಟ್ಟೆ, ಅವಳ ಮದುವೆಯ ಪೂಜೆಯಲ್ಲಿ ನಾನೇ ಹಾಡಿದೆ, ಒಂದು ಸ್ವರವೂ ತಪ್ಪಲಿಲ್ಲ. ಅಜ್ಜಿಯ ಮಣ್ಣಿಗೆ ಬಂದಾಗ ಅಳು ಬರಲಿಲ್ಲ. ಅದನ್ನೂ ಪ್ರಗತಿ ಎಂದುಕೊಂಡು ಬೀಗಿದೆ.

ದೊಡ್ಡ ನೆಂಟರು ಬರುತ್ತಾರೆಂದು ಮನೆಯ ಸಾಮಾನೆಲ್ಲ ಹೊರಗೆ ಹಾಕಿ, ಸಾರಿಸಿ, ಬಾಗಿಲಲ್ಲಿ ಕಾದು ನಿಂತವನ ಹಾಗಾಯಿತು ನನ್ನ ಬಾಳು. ಹೊತ್ತು ಮುಳುಗಿತು. ಯಾರೂ ಬರಲಿಲ್ಲ. ಈಗ ಕೂರಲು ಚಾಪೆಯೂ ಉಳಿದಿಲ್ಲ.

ದೇವರಿಲ್ಲ ಎಂದು ನಾನು ಹೇಳುತ್ತಿಲ್ಲ. ಇದ್ದರೆ ಇರಲಿ. ನನ್ನ ಹತ್ತಿರ ಇಲ್ಲ.

ಏಪ್ರಿಲ್ 19, ಭಾನುವಾರ

ಇವತ್ತು ಪೂಜೆಯ ಕೊನೆಯಲ್ಲಿ ಮೊದಲ ಪ್ರಕಟಣೆ ಓದಿದರು. ಮದುವೆಗೆ ಮುಂಚೆ ಹುಡುಗ ಹುಡುಗಿಯ ಹೆಸರು ಮೂರು ಭಾನುವಾರ ಓದುವ ಹಾಗೆಯೇ ಇದೂ. ನಮ್ಮ ಚರ್ಚಿನ ಮಂಗಳೂರು ಕಡೆಯ ಫಾದರ್ ವಲೇರಿಯನ್ ಕನ್ನಡಕ ಸರಿಮಾಡಿಕೊಂಡು, 'ಈ ಧರ್ಮಕೇಂದ್ರದ ಚೌರಪ್ಪ ಮತ್ತು ಜ್ಞಾನಮ್ಮನವರ ಮಗ ಬ್ರದರ್ ಇಗ್ನೇಷಿಯಸ್ ದೀಕ್ಷೆ ಪಡೆಯಲಿದ್ದಾರೆ. ಇದಕ್ಕೆ ಯಾರಿಗಾದರೂ ಅಡ್ಡಿಯಿದ್ದರೆ ತಿಳಿಸಬೇಕು' ಎಂದು ಓದಿ ಒಂದು ಕ್ಷಣ ನಿಲ್ಲಿಸಿದರು.

ಆ ಒಂದು ಕ್ಷಣದಲ್ಲಿ ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ತಿಳಿಸ್ರಪ್ಪಾ. ಯಾರಾದರೂ ಏನಾದರೂ ಹೇಳಿ. ಚಿಕ್ಕಂದಿನಲ್ಲಿ ಪೇರಲೆ ಕದ್ದದ್ದಾದರೂ ಹೇಳಿ. ಒಂದು ಕೂಸು ಅತ್ತಿತು, ಅಷ್ಟೇ. ಆಮೇಲೆ ಚಪ್ಪಾಳೆ.

ಜೀವಮಾನವೆಲ್ಲ ಹೆಂಗಸರ ಸಾಲಿನ ಚಾಪೆಯ ಮೇಲೆ ಕೂತ ಅವ್ವನನ್ನು 'ಏಳಿ ಜ್ಞಾನಮ್ಮ, ಇನ್ನು ನೀವು ಸಾಮಿ ತಾಯಿ' ಎಂದು ನಾಲ್ಕು ಜನ ಕೈಹಿಡಿದು ಮುಂದಿನ ಬೆಂಚಿನಲ್ಲಿ ಕೂರಿಸಿದರು. ಬೆಂಚಿನ ತುದಿಯಲ್ಲಿ, ಬೀಳುವವಳ ಹಾಗೆ ಕೂತಿದ್ದಳು. ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ಕಂಡಿರಲಿಲ್ಲ. ಈ ಮುಖಕ್ಕೆ ನಾನು ಏನೆಂದು ಹೇಳಲಿ?

ಏಪ್ರಿಲ್ 21, ಮಂಗಳವಾರ

ಬಾಳ್ಳುಪೇಟೆಗೆ ಹೋಗಿ ಮರಿಯಪ್ಪನನ್ನು ನೋಡಿದೆ. ಹೆದ್ದಾರಿಯ ಪಕ್ಕ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ನನಗಿಂತ ಮುಂಚೆ ನಮ್ಮೂರಿನಿಂದ ಗುರುಮಠಕ್ಕೆ ಹೋದವನು ಅವನೊಬ್ಬನೇ, ಅರ್ಧಕ್ಕೆ ಬಿಟ್ಟು ಬಂದ. ಲಾರಿ ಟಯರು ಬಿಚ್ಚುತ್ತಿದ್ದವನು ನನ್ನ ಮುಖ ನೋಡಿದ ಕೂಡಲೇ ಕೈ ಒರೆಸಿಕೊಂಡು ಎದ್ದ.

'ಗೊತ್ತಾಯ್ತು ಬಿಡು. ನಿಂಗೂ ನನ್ ಕಾಯ್ಲೆನೇ' ಎಂದ.

'ಬಿಟ್ಟು ಬಂದ್ರೆ ಹೆಂಗಿರುತ್ತೆ ಮರಿಯಪ್ಪಣ್ಣ?'

'ಹೆಂಗಿರ್ತದೆ? ನಂಗೆ ಮೂರು ಮಕ್ಳಾದ್ರು, ಅಂಗ್ಡಿ ಆಯ್ತು, ತಲೆ ಬೆಳ್ಳಗಾಯ್ತು. ಇವತ್ಗೂ ಊರಾಗೆ ನನ್ ಹೆಸರು ಬಿಟ್ ಬಂದ ಮರಿಯಪ್ಪ. ನನ್ ಮಗಳ್ನ ನೋಡಕ್ ಬಂದೋರು ಅದ್ನೇ ಕೇಳಿದ್ರು, ಯಾಕ್ ಬಿಟ್ ಬಂದ್ರಂತೆ, ಹೆಂಗ್ಸಿನ್ ವಿಷ್ಯವಾ ಅಂತ.' ಉಗುಳಿದ. 'ನಮ್ಮವ್ವ ಸಾಯೋಗಂಟ ಮುಂದ್ಗಡೆ ಬೆಂಚ್ ಕಡೆ ತಿರುಗಿ ನೋಡ್ಲಿಲ್ಲ ಕಣೋ.'

'ಹಾಗಾದ್ರೆ ಹೋಗ್ಲಾ?'

'ನಾನೇನ್ ಹೇಳ್ಲಿ ಮಾರಾಯ. ಸುಳ್ಳು ಸಾಮಿ ಆಗೋದೂ ಸುಲಭ ಅಲ್ಲ. ಹೇಳೋದಿದ್ರೆ ಮೂರ್ನೇ ಸಲ ಓದೋದ್ರೊಳಗೆ ಹೇಳ್ಬುಡು. ಆಮೇಲೆ ಬಾಯಿ ಬರಲ್ಲ.'

ಟೀ ಕುಡಿಸಿದ. ಬಸ್ಸು ಬಂದಾಗ ಮತ್ತೆ ಟಯರಿಗೆ ಕೈಹಾಕಿದ.

ಏಪ್ರಿಲ್ 22, ಬುಧವಾರ

ಧೈರ್ಯ ಮಾಡಿ ಫಾದರ್ ವಲೇರಿಯನ್ನರ ಹತ್ತಿರ ಹೋದೆ. ಸ್ಕೂಟರಿನಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಾರೆ. 'ಫಾದರ್, ನನಗೆ ಈ ದೀಕ್ಷೆ...' ಎನ್ನುವಷ್ಟರಲ್ಲಿ ನಕ್ಕುಬಿಟ್ಟರು.

'ಹೆದರಿಕೆ ಅಲ್ವಾ? ಎಲ್ಲರಿಗೂ ಉಂಟು ಮಾರಾಯ. ನನಗೆ ಹಿಂದಿನ ದಿನ ಭೇದಿಯೇ ಹಿಡಿದಿತ್ತು. ಬಿಷಪ್ಪರು ಕೈಯಿಟ್ಟಾಗ ನಾನು ಪವಿತ್ರಾತ್ಮನನ್ನು ನೆನೆಯಲಿಲ್ಲ, ಹೊಟ್ಟೆಯನ್ನೇ ನೆನೆದೆ.'

ಒಳ್ಳೆಯ ಮನುಷ್ಯ. ಒಳ್ಳೆಯವರಿಗೆ ಏನನ್ನಾದರೂ ಹೇಳುವುದು ಎಷ್ಟು ಕಷ್ಟ! ನಾನು ಬಾಯಿ ಮುಚ್ಚಿದೆ. ಮೇಲಿಂದ ಕೆಲಸವೂ ಗಂಟುಬಿತ್ತು. ಎಸ್ಟೇಟ್ ಕೂಲಿ ಲೈನಿನ ಆರೋಗ್ಯಮ್ಮ ಸೊಂಟ ಮುರಿದು ಮಲಗಿದ್ದಾಳೆ, ಇವರಿಗೆ ಹೋಗಲಾಗುವುದಿಲ್ಲ, ನಾನೇ ಪರಮಪ್ರಸಾದದ ತೆಳು ರೊಟ್ಟಿ ಒಯ್ದು ಕೊಡಬೇಕಂತೆ. ನನಗೇ ನಂಬಿಕೆಯಿಲ್ಲದ ಕೈಯಿಂದ ಇನ್ನೊಬ್ಬರ ಬಾಯಿಗೆ. ಶಹಬಾಸ್.

ಏಪ್ರಿಲ್ 23, ಗುರುವಾರ

ಆರೋಗ್ಯಮ್ಮನ ಸೊಸೆ ಸ್ಟೆಲ್ಲಾ ಕೆಲಸಕ್ಕೆ ಹೋಗಿದ್ದಳು. ಲೈನ್ ಮನೆಯ ಒಂದೇ ಕೋಣೆ, ಕತ್ತಲು, ಕೆಟ್ಟ ವಾಸನೆ. ಮುದುಕಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ನಾನು ಪುಸ್ತಕ ತೆರೆದು ಪ್ರಾರ್ಥನೆ ಶುರುಮಾಡಿದೆ.

'ಅದ್ನ ಮುಚ್ಚು. ಬಾಯಾಗೆ ಹುಣ್ಣಾಗೈತೆ, ಒಣಗಿದ್ದು ಒಳಕ್ ಹೋಗಲ್ಲ. ಮೊದ್ಲು ಒಲೆ ಹಚ್ಚು, ನೀರು ಕಾಯ್ಸು' ಎಂದಳು.

ಒಲೆ ಹಚ್ಚಲು ಅರ್ಧ ಬೆಂಕಿಪೊಟ್ಟಣ ಖರ್ಚಾಯಿತು. ಆಕೆ ಮಲಗಿದಲ್ಲಿಂದಲೇ ಬೈಯುತ್ತಿದ್ದಳು, 'ಹತ್ತು ವರ್ಸ ಏನ್ ಕಲಿಸಿದ್ರೋ ಇವ್ನಿಗೆ!' ಕೊನೆಗೆ ಪ್ರಸಾದದ ಚಿಕ್ಕ ಚೂರೊಂದನ್ನು ಚಮಚದ ನೀರಿನಲ್ಲಿ ನೆನೆಸಿ ಕೊಟ್ಟೆ. ನುಂಗಿದಳು. ಕಣ್ಣು ಮುಚ್ಚಿದಳು. ಆಮೇಲೆ 'ಹೋಗು' ಎಂದಳು.

ಮೈಯೆಲ್ಲ ಹೊಗೆ ವಾಸನೆ. ಇನ್ನು ಹೋಗುವುದಿಲ್ಲ.

ಏಪ್ರಿಲ್ 25, ಶನಿವಾರ

ಹೋದೆ. ಸ್ಟೆಲ್ಲಾ ಹೇಳಿಕಳಿಸಿದ್ದಳು, ಅತ್ತೆಯ ಬೆನ್ನಿನಲ್ಲಿ ಹುಣ್ಣಾಗಿದೆ, ಒಬ್ಬಳ ಕೈಯಲ್ಲಿ ಮಗ್ಗುಲು ತಿರುಗಿಸಲಾಗುವುದಿಲ್ಲ ಎಂದು. ನಾನು ಎತ್ತಿ ಹಿಡಿದೆ, ಅವಳು ಬೇವಿನ ನೀರಿನಲ್ಲಿ ತೊಳೆದಳು. ಮುದುಕಿ ನನ್ನ ಕೈ ಕಚ್ಚಿದಳು, ನೋವಿಗೆ. ಅಚ್ಚು ಇನ್ನೂ ಇದೆ.

ಏಪ್ರಿಲ್ 26, ಭಾನುವಾರ

ಎರಡನೆಯ ಪ್ರಕಟಣೆ. ಯಾರಿಗೂ ಅಡ್ಡಿಯಿಲ್ಲ.

ಆಮಂತ್ರಣ ಪತ್ರಿಕೆ ಹಂಚಿಯಾಯಿತು. ಪೆಂಡಾಲಿಗೆ ಬೊಂಬು ಬಂದಿದೆ. ಅವ್ವ ರೇಷ್ಮೆ ಸೀರೆ ಕೊಂಡಿದ್ದಾಳೆ, ಬಿಷಪ್ಪರ ಎದುರು ಉಡಲು. ಎರಡೆರಡು ಸಲ ತೆಗೆದು ನನಗೆ ತೋರಿಸಿದಳು. ಬೆಳಗಿನ ಮಂಗಳೂರು ಬಸ್ಸು ಹತ್ತಿ ಎಲ್ಲಿಗಾದರೂ ಹೋಗಿಬಿಡಬೇಕು. ಎಲ್ಲಿಗೆ? ಎಲ್ಲರನ್ನೂ ಬಿಡುವುದನ್ನು ಕಲಿತೆ, ಯಾರ ಮನೆಯ ಬಾಗಿಲು ತಟ್ಟಬಹುದೆಂಬುದನ್ನು ಕಲಿಯಲಿಲ್ಲ.

ಬದುಕುವುದೇ ಬೇಡ ಅನ್ನಿಸುತ್ತದೆ. ಬರೆಯಲೂ ಬೇಸರ.

ಏಪ್ರಿಲ್ 28, ಮಂಗಳವಾರ

ಅಪ್ಪ 'ಬಾ, ತೋಟದಾಗೆ ಮರಗಸಿ ನಡೀತೈತೆ' ಎಂದು ಕರೆದುಕೊಂಡು ಹೋದ. ಮಳೆಗಾಲಕ್ಕೆ ಮುಂಚೆ ನೆರಳಿನ ಮರಗಳ ರೆಂಬೆ ಸವರಿ ಕಾಫಿ ಗಿಡಕ್ಕೆ ಬೆಳಕು ಬಿಡುವ ಕೆಲಸ. ತೋಟದಾಳು ಅಣ್ಣಯ್ಯ ಹಾಲುವಾಣದ ಮರದ ತುದಿಯಲ್ಲಿ ಕತ್ತಿ ಬೀಸುತ್ತಿದ್ದ, ಅಪ್ಪ ಕೆಳಗೆ ನಿಂತು 'ಆ ಕಡೇದು ಬುಡು, ಈ ಕಡೇದು ತೆಗಿ' ಎಂದು ಕೂಗುತ್ತಿದ್ದ. ಹನ್ನೊಂದಕ್ಕೆ ಎಲ್ಲರೂ ತಿಂಡಿಗೆ ಕೂತಾಗ ನನ್ನನ್ನು ದೂರದ ಕಲ್ಲಿನ ಹತ್ತಿರ ಕರೆದು ರೊಟ್ಟಿ ಬಿಚ್ಚಿದ.

'ಇನ್ನಾಸಿ,' ಅಪ್ಪನ ಬಾಯಲ್ಲಿ ಇಗ್ನೇಷಿಯಸ್ ಹೀಗೇ, 'ಒಂದ್ ಮಾತ್ ಕೇಳ್ತೀನಿ. ನಿಮ್ಮವ್ವಂಗೆ ಹೇಳಲ್ಲ. ನಿಂಗೆ ಇದು ಬ್ಯಾಡ್ವಾ?'

ನನಗೆ ಅಳು ಬಂದುಬಿಟ್ಟಿತು. ನಾಚಿಕೆಗೇಡು, ಚಿಕ್ಕ ಹುಡುಗನ ಹಾಗೆ ಬಿಕ್ಕಿದೆ. 'ಒಳಗೆ ಏನೂ ಇಲ್ಲ ಅಪ್ಪ. ಹೋದ್ರೆ ಸುಳ್ಳು ಸ್ವಾಮಿ ಆಗ್ತೀನಿ. ಬಿಟ್ಟು ಬಂದ್ರೆ ಅವ್ವ ತಲೆ ಎತ್ತಿ ಓಡಾಡಲ್ಲ. ನಾನು ಹಿಂದಕ್ಕೂ ಬರಲಾರೆ, ಮುಂದಕ್ಕೂ ಹೋಗಲಾರೆ.'

ಅಪ್ಪ ನನ್ನ ಬೆನ್ನಿನ ಮೇಲೆ ಕೈಯಿಟ್ಟ. ಆಮೇಲೆ ಕೇಳಿದ, 'ಅದೇನೋ ಓದ್ತಾರಲ್ಲ, ಅಡ್ಡಿ ಇದ್ರೆ ಹೇಳಿ ಅಂತ. ಮದ್ವೇದ್ ತರಾನೇನಾ ಅದು? ಪಾಪಣ್ಣನ ಮಗಳ ಮದ್ವೇಲಿ ಮೂರ್ನೇ ಸಲ ಓದ್ದಾಗ ಹುಡುಗನ್ ಚಿಕ್ಕಪ್ಪ ಎದ್ ನಿಂತು ನಿಲ್ಸಿದ್ನಲ್ಲ, ಹಂಗೆ?'

'ಹೂಂ, ಹಾಗೇ.'

'ಸರಿ. ರೊಟ್ಟಿ ತಿನ್ನು.'

ಹೇಳಿಕೊಂಡದ್ದರಿಂದ ಏನೂ ಬದಲಾಗಿಲ್ಲ. ಆದರೂ ರೊಟ್ಟಿ ರುಚಿಯಾಗಿತ್ತು.

ಏಪ್ರಿಲ್ 29, ಬುಧವಾರ

ಆರೋಗ್ಯಮ್ಮನ ಹುಣ್ಣು ಒಣಗುತ್ತಿದೆ, ಎಡಗಡೆಯದು ಮಾತ್ರ ಹಾಗೇ ಇದೆ. ಬಾಳ್ಳುಪೇಟೆಯ ಔಷಧಿ ಅಂಗಡಿಯವನು ಕೊಟ್ಟ ಮುಲಾಮು ಹಚ್ಚಿದೆವು. ಹಿಂಡಿದ ಬಟ್ಟೆಯಲ್ಲಿ ಪಾದ ಒರೆಸಿದೆ. 'ಕೈ ತಣ್ಣಗೈತೆ ನಿಂದು, ಉಜ್ಕೊಂಡು ಮುಟ್ಟು' ಎಂದಳು. ಈಗ ಒಲೆ ಒಂದೇ ಕಡ್ಡಿಗೆ ಹತ್ತುತ್ತದೆ. ಅದನ್ನು ಕಂಡು 'ಪರ್ವಾಗಿಲ್ಲ, ಸಾಮಿ ಆಗ್ಬೋದು ನೀನು' ಎಂದು ಎರಡೇ ಹಲ್ಲುಳಿದ ಬಾಯಿ ತೆರೆದು ನಕ್ಕಳು.

ಪಕ್ಕದ ಮನೆಯ ಚೌಡಮ್ಮ ಗಂಜಿ ತಂದಳು. ಅವಳ ಮಗ ಮೋಹನನಿಗೆ ಕೆಲಸವಿಲ್ಲ, ಕುಡಿಯುತ್ತಾನೆ. ನಾಳೆ ಅವನ ಹತ್ತಿರ ಮಾತಾಡುತ್ತೇನೆಂದು ಹೇಳಿದೆ. ಯಾಕೆ ಹೇಳಿದೆನೋ.

ಮೇ 1, ಶುಕ್ರವಾರ

ತಿಂಗಳ ಮೊದಲ ಶುಕ್ರವಾರ, ರೋಗಿಗಳಿಗೆಲ್ಲ ಪ್ರಸಾದ ಕೊಡುವ ದಿನ. ಲೈನಿನಿಂದ ಲೈನಿಗೆ, ಆಮೇಲೆ ಪಾಳ್ಯದ ಕಡೆಯ ಎರಡು ಮನೆಗೆ, ಸಂಜೆಯ ತನಕ ನಡೆದೇ ನಡೆದೆ. ಕೊನೆಗೆ ಆರೋಗ್ಯಮ್ಮ. ಉಸಿರು ಮೇಲೆ ಕೆಳಗೆ ಆಗುತ್ತಿದೆ. ನನ್ನ ಕೈ ಹಿಡಿದುಕೊಂಡಳು.

'ನಾನ್ ಸತ್ರೆ ನೀನೇ ಮಣ್ ಮಾಡ್ಬೇಕು. ಆ ಮಂಗ್ಳೂರ್ ಸಾಮಿ ಒಳ್ಳೇರೇ, ಅವ್ರ ಕನ್ನಡ ನಂಗೆ ತಿಳಿಯಾಕಿಲ್ಲ. ಏನ್ ಹೇಳಿ ಕಳಿಸ್ತಾರೋ ಏನೋ.'

ನನಗೆ ನಗು ತಡೆಯಲಾಗಲಿಲ್ಲ. ಡೀಕನ್ ಆದವರಿಗೆ ಮಣ್ಣು ಮಾಡುವ ಅಧಿಕಾರ ಉಂಟು. 'ಏಳನೇ ತಾರೀಕಿನ ತನಕ ತಡ್ಕೊ ಆರೋಗ್ಯಮ್ಮ, ಎಂಟಕ್ಕೆ ನಾನೇ ಕಳಿಸಿಕೊಡ್ತೀನಿ' ಎಂದೆ. 'ಆಗ್ಲಿ, ತಡ್ಕೊಂಡೆ' ಎಂದಳು. ಸ್ಟೆಲ್ಲಾ ಬಾಯಿಗೆ ಸೆರಗು ಹಿಡಿದು ನಗುತ್ತಾ ಅಳುತ್ತಿದ್ದಳು.

ಮೇ 2, ಶನಿವಾರ

ಬೆಳಿಗ್ಗೆ ಮೋಹನನನ್ನು ಪೆಂಡಾಲಿನ ಕೆಲಸಕ್ಕೆ ಸೇರಿಸಿದೆ, ಮಧ್ಯಾಹ್ನದ ತನಕ ಕುಡಿಯದೆ ಇದ್ದ. ಆರೋಗ್ಯಮ್ಮ ಎರಡು ಚಮಚ ಗಂಜಿ ಕುಡಿದಳು. ಸಂಜೆ ಜಪಸರ ಹೇಳುವಾಗ ಅವ್ವನಿಗೆ ಕೆಮ್ಮು ಬಂತು, ಉಳಿದದ್ದನ್ನು ನಾನೇ ಹೇಳಿ ಮುಗಿಸಿದೆ. ಅಪ್ಪ ಊಟದ ಹೊತ್ತಿನಲ್ಲಿ ಬಹಳ ಗಂಭೀರವಾಗಿದ್ದ, ಏನೋ ಬಾಯಿಪಾಠ ಮಾಡುವವನ ಹಾಗೆ ತುಟಿ ಅಲುಗಿಸುತ್ತಿದ್ದ. ಕೇಳಿದರೆ 'ಏನಿಲ್ಲ' ಎಂದ. ಬೇರೆ ವಿಶೇಷವಿಲ್ಲ. ನಿದ್ದೆ ಬರುತ್ತಿದೆ.

ಮೇ 3, ಭಾನುವಾರ

ಹೇಗೆ ಬರೆಯಲಿ?

ಪೂಜೆ ಮುಗಿಯುತ್ತ ಬಂದಿತ್ತು. ಫಾದರ್ ವಲೇರಿಯನ್ ಪ್ಲಾಸ್ಟರ್ ಕಾಲು ಚಾಚಿಕೊಂಡು ಕುರ್ಚಿಯಲ್ಲೇ ಕೂತು ಓದಿದರು. 'ಇದು ಮೂರನೆಯ ಮತ್ತು ಕೊನೆಯ ಪ್ರಕಟಣೆ. ಯಾರಿಗಾದರೂ ಅಡ್ಡಿಯಿದ್ದರೆ...'

'ಅಡ್ಡಿ ಐತೆ ಸಾಮಿ.'

ಹಿಂದುಗಡೆಯ ಗೋಡೆಯ ಹತ್ತಿರ ಅಪ್ಪ ಎದ್ದು ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಟವೆಲ್ಲು.

'ನಾನು ಒಪ್ಪಲ್ಲ. ನಂಗಿರೋನು ಒಬ್ನೇ ಮಗ. ನಾಳೆ ನಮ್ನ ನೋಡ್ಕಳೋರು ಯಾರು? ನನ್ ವಂಸ ಏನಾಗ್ಬೇಕು? ದೇವ್ರಿಗೇನ್ ಕಮ್ಮಿ ಆಗೈತೆ, ಬ್ಯಾರೇರ್ ಮಕ್ಳು ಅವ್ರೆ, ತಗೊಳ್ಲಿ. ನನ್ ಮಗನ್ನ ನಾನು ಕೊಡಲ್ಲ.'

ಒಂದೊಂದು ಮಾತೂ ಸುಳ್ಳು. ವಂಶದ ಮಾತನ್ನು ಅಪ್ಪ ಒಂದು ದಿನವೂ ಆಡಿದವನಲ್ಲ. ನನ್ನನ್ನು ಬಿಡಿಸಲು, ಬಿಟ್ಟು ಬಂದವನೆಂಬ ಹೆಸರು ನನಗೆ ಬಾರದಿರಲು, ಅದನ್ನೆಲ್ಲ ತನ್ನ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದಾನೆಂದು ಆ ಚರ್ಚಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

'ಕುಡ್ಕೊಂಡ್ ಬಂದವ್ನಾ?' ಎಂದು ಯಾರೋ ಅಂದರು. ಅವ್ವ ಮುಂದಿನ ಬೆಂಚಿನಿಂದ ಎದ್ದು 'ಅಯ್ಯೋ, ದೇವ್ರ ತಟ್ಟೆಯಿಂದ ಅನ್ನ ಕಿತ್ಕೊಳ್ತೀರಲ್ಲ! ನಿಮ್ ಬಾಯಿಗೆ ಮಣ್ಣಾಕ!' ಎಂದು ಕಿರುಚಿ ಅಲ್ಲೇ ಕುಸಿದಳು.

ಫಾದರ್ ವಲೇರಿಯನ್ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. 'ಚೌರಪ್ಪ, ಕೂತುಕೊಳ್ಳಿ. ತಂದೆ ಒಪ್ಪಲಿಲ್ಲ ಅಂತ ದೀಕ್ಷೆ ನಿಲ್ಲುವುದಿಲ್ಲ. ಮಗನಿಗೆ ಪ್ರಾಯ ಆಗಿದೆ, ಅವನು ಹೇಳಬೇಕು. ಇಗ್ನೇಷಿಯಸ್, ಎಲ್ಲರ ಎದುರು ಹೇಳು. ನಿನಗೆ ಬೇಕೋ, ಬೇಡವೋ?'

ನಾನು ಬಾಯಿ ತೆರೆದೆ. ನಾಲಿಗೆಯ ಮೇಲೆ ಇದ್ದ ಮಾತು 'ಬೇಕು.'

ಅದು ಯಾವಾಗ ಬಂದು ಕೂತಿತ್ತೋ! ಮೂರು ವಾರ ಅಡ್ಡಿಗಾಗಿ ಹಂಬಲಿಸಿದ ನಾನೇ, ಅಡ್ಡಿ ಎದ್ದು ನಿಂತಾಗ, ಬೇಕು, ಇದು ನನಗೆ ಬೇಕು ಎಂದು ಒಳಗೆ ಕೂಗುತ್ತಿದ್ದೆ. ಆರೋಗ್ಯಮ್ಮನ ಒಲೆಯ ಹೊಗೆಯಲ್ಲಿ ಬಂತೋ, ಚಮಚದ ನೀರಿನಲ್ಲಿ ಬಂತೋ, ನನಗೆ ತಿಳಿಯಲೇ ಇಲ್ಲ. ತಿಳಿದಿದ್ದರೆ ಅಪ್ಪನಿಗೆ ಹೇಳುತ್ತಿದ್ದೆನಲ್ಲ ದೇವರೇ! ನಿನ್ನೆ ಊಟದ ಹೊತ್ತಿನಲ್ಲಾದರೂ ಹೇಳುತ್ತಿದ್ದೆನಲ್ಲ!

ಅಷ್ಟರಲ್ಲಿ ಅಪ್ಪನ ಮುಖ ನೋಡಿದೆ. ನೋಡಬಾರದಿತ್ತು. ಹೆದರಬೇಡ, ಹೇಳು ಎನ್ನುವ ಹಾಗೆ ಮೆಲ್ಲಗೆ ತಲೆಯಾಡಿಸುತ್ತಿದ್ದ. ಊರೆಲ್ಲ ಅವನನ್ನು ಉಗಿಯುವ ಹಾಗೆ ನೋಡುತ್ತಿತ್ತು, ಅವನು ನನ್ನೊಬ್ಬನನ್ನೇ ನೋಡುತ್ತಿದ್ದ. ನಾನು ಬೇಕು ಎಂದರೆ, ಆ ಮನುಷ್ಯ ದೇವರ ಎದುರು, ಜನರ ಎದುರು ಮೈಮೇಲೆ ಸುರಿದುಕೊಂಡ ಕೊಳೆಯೆಲ್ಲ ವ್ಯರ್ಥವಾಗುತ್ತಿತ್ತು.

'ಅಪ್ಪನ ಮಾತೇ ನನ್ನ ಮಾತು ಫಾದರ್' ಎಂದೆ.

ಮೇ 4, ಸೋಮವಾರ

ಪೆಂಡಾಲು ಬಿಚ್ಚುತ್ತಿದ್ದಾರೆ.

ಫಾದರ್ ಹೇಳಿಕಳಿಸಿದರು. ಹೋದೆ. 'ಬಿಷಪ್ಪರಿಗೆ ಇನ್ನೂ ಫೋನ್ ಮಾಡಲಿಲ್ಲ. ನಿನ್ನೆ ನೀನು ಬಾಯಿ ತೆರೆದದ್ದು ಆ ಮಾತಿಗಲ್ಲ, ನಾನು ನೋಡಿದ್ದೇನೆ. ಈಗಲಾದರೂ ಹೇಳು ಮಾರಾಯ' ಎಂದರು. ಕಿಟಕಿಯಾಚೆ ಅಪ್ಪ ಕೆಲಸಕ್ಕೆ ಹೋಗುತ್ತಿದ್ದ. ದಾರಿಯಲ್ಲಿ ಎದುರಾದ ಹೆಂಗಸರು ಅವನಿಗೆ ಮುಖ ತಿರುಗಿಸಿ ನಿಂತರು. ಅವನು ಟವೆಲ್ಲು ಹೆಗಲಿಗೇರಿಸಿ ನೆಟ್ಟಗೆ ನಡೆದುಹೋದ. ಮಗನನ್ನು ಉಳಿಸಿಕೊಂಡವನ ನಡಿಗೆ ಅದು. ಅವನನ್ನು ನಿಲ್ಲಿಸಿ, ಅಪ್ಪಾ ನೀನು ಮಾಡಿದ್ದು ದಂಡವಾಯಿತು, ನಾನು ಹೋಗುತ್ತೇನೆ ಎಂದು ಯಾವ ಬಾಯಲ್ಲಿ ಹೇಳಲಿ?

'ಫೋನ್ ಮಾಡಿ ಫಾದರ್' ಎಂದೆ.

ಮೇ 5, ಮಂಗಳವಾರ

ಆರೋಗ್ಯಮ್ಮ ಬೆಳಗಿನ ಜಾವ ಹೋದಳು. ಸಂಜೆ ಮಣ್ಣು. ಫಾದರ್ ವಲೇರಿಯನ್ನರನ್ನು ಕುರ್ಚಿಯಲ್ಲಿ ಹೊತ್ತು ತಂದರು. ಅವರು ತಮ್ಮ ಕನ್ನಡದಲ್ಲಿ ಪ್ರಾರ್ಥನೆ ಓದಿದರು. ನಾನು ಗಂಡಸರ ಗುಂಪಿನಲ್ಲಿ ನಿಂತು ಅದೇ ಮಾತುಗಳನ್ನು ಅವಳಿಗೆ ತಿಳಿಯುವ ಹಾಗೆ ಬಾಯೊಳಗೇ ಹೇಳಿದೆ. ಎರಡು ಹಿಡಿ ಮಣ್ಣು ಹಾಕಿದೆ. ಬಂದೆ.

ಬಿಡುವುದರಲ್ಲಿ ನಾನು ಪಳಗಿದವನು ಎಂದುಕೊಂಡಿದ್ದೆ. ಬಿಟ್ಟದ್ದೆಲ್ಲ ಬಿಡಲು ಕಷ್ಟವಿಲ್ಲದ್ದೇ ಆಗಿತ್ತು. ಇದೊಂದನ್ನು ಬಿಡುವಾಗ ಜೀವ ಕಿತ್ತುಹೋಗುತ್ತಿದೆ.

ಮೇ 7, ಗುರುವಾರ

ಹತ್ತು ಗಂಟೆಗೆ ಬಿಷಪ್ಪರು ಬರಬೇಕಾಗಿತ್ತು. ಹತ್ತು ಗಂಟೆಗೆ ಅಪ್ಪನ ಜೊತೆ ತೋಟದಲ್ಲಿದ್ದೆ, ಸವರಿದ ರೆಂಬೆಗಳನ್ನು ಎಳೆದು ರಸ್ತೆಗೆ ಹಾಕಿದೆ. ದೇವೀರಪ್ಪನವರು ಜೀಪಿನಲ್ಲಿ ಬಂದರು, ಅಪ್ಪನ ಹತ್ತಿರ ಕೆಲಸದ ಮಾತನ್ನು ಬಿಟ್ಟು ಬೇರೆ ಮಾತಾಡದೆ ಹೋದರು.

ಅವ್ವ ಹಸಿವಿಲ್ಲವೆಂದು ಮುಸುಕು ಹಾಕಿಕೊಂಡು ಮಲಗಿದ್ದಾಳೆ. ಭಾನುವಾರದಿಂದ ಅಪ್ಪನ ಜೊತೆ ಮಾತಿಲ್ಲ. ಮಧ್ಯಾಹ್ನ ನಾವಿಬ್ಬರೇ ನೆಲದ ಮೇಲೆ ಕೂತು ಉಂಡೆವು. ಅಪ್ಪ ಮುದ್ದೆ ಮುರಿದು ನನ್ನ ತಟ್ಟೆಗೆ ಹಾಕಿದ, ಸಾರು ಬಡಿಸಿದ. ನನ್ನ ಮುಖ ನೋಡದೆ ಕೇಳಿದ.

'ಸರಿಯಾಗ್ ಮಾಡಿದ್ನೇನೋ ಇನ್ನಾಸಿ? ಜನ ಏನಾರ ಅಂದ್ಕಳ್ಲಿ. ನಿಂಗೆ ನೆಮ್ದಿ ಆಯ್ತಾ?'

'ಸರಿಯಾಗೇ ಮಾಡ್ದೆ ಅಪ್ಪ. ನೆಮ್ಮದಿಯಾಯ್ತು' ಎಂದೆ.

ಅಪ್ಪನ ಮುಖ ಅರಳಿತು. ಇನ್ನೊಂದು ಮುದ್ದೆ ಹಾಕಿಸಿಕೊಂಡು ಹೊಟ್ಟೆ ತುಂಬ ಉಂಡ.